ಟರ್ಬೊ ಕಾರಿನ ಟ್ಯೂನಿಂಗ್ ಸಾಧನ: ವರ್ಷಗಟ್ಟಲೆ ಬಳಸಿದ ಮೇಲೆ

ಈ ಬಗೆಯ ಸಾಧನವನ್ನು ಎಲ್ಲರೂ ಕೊಳ್ಳುವುದು ಹೆಚ್ಚಿನ ಶಕ್ತಿಗಾಗಿ. ನಾನೂ ಅದಕ್ಕಾಗಿಯೇ ಕೊಂಡೆ. ಈಗ ಅದರಲ್ಲಿ ಮ್ಯಾಪ್ (ಇಂಧನ, ಕಿಡಿ, ಒತ್ತಡ ಹೇಗಿರಬೇಕೆಂದು ಎಂಜಿನ್ನಿಗೆ ಹೇಳುವ ಕೋಷ್ಟಕ) ಬದಲಿಸುವುದು ಬಲು ಅಪರೂಪ. ಲಾಗ್ (ಓಡುವ ಎಂಜಿನ್ನಿನ ಅಳತೆಗಳ ದಾಖಲೆ) ತೆಗೆಯದೆ ಮಾತ್ರ ಒಂದು ತಿಂಗಳೂ ಕಳೆಯುವುದಿಲ್ಲ. ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವ ಗುಣಕ್ಕಿಂತ ಮೂಲೆಯಲ್ಲಿ ಒಂದು ಸಾಲಿನಲ್ಲಿ ಮುಗಿಸಿರುವ ಗುಣವೇ ಈ ಪೆಟ್ಟಿಗೆಯ ನಿಜವಾದ ಬೆಲೆ. ಈ ವಿಮರ್ಶೆ ಬಹುಮಟ್ಟಿಗೆ ಆ ಗುಣದ ಬಗ್ಗೆ.

ಸಾಧನ ಅಂಗೈಯಷ್ಟು ದೊಡ್ಡದು. ಒಂದು ಚಿಕ್ಕ ಪರದೆ, ಕೆಲವು ಗುಂಡಿಗಳು, ಸ್ಟೀರಿಂಗ್ ಕೆಳಗಿನ ಓಬಿಡಿ (ದೋಷ ತಪಾಸಣೆಯ) ಕಿಂಡಿಗೆ ಹೋಗುವ ಒಂದು ತಂತಿ. ಮೊದಲ ಬಾರಿ ಜೋಡಿಸಿದಾಗ ಇಸಿಯುವಿನಲ್ಲಿರುವ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನಲ್ಲಿರುವ, ಮೂಲ ಮ್ಯಾಪನ್ನು ನಕಲು ಮಾಡಿ ಇಟ್ಟುಕೊಳ್ಳುತ್ತದೆ, ನಂತರ ತನ್ನದನ್ನು ಬರೆಯುತ್ತದೆ. ನನ್ನ ಕಾರಿನದು ಎರಡು ಲೀಟರಿನ, ನಾಲ್ಕು ಸಿಲಿಂಡರಿನ, ನೇರ ಇಂಜೆಕ್ಷನ್ನಿನ ಟರ್ಬೊ ಎಂಜಿನ್. ಟರ್ಬೊ ಎಂದರೆ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಪಂಪು. ಒಳಬರುವ ಗಾಳಿಯನ್ನು ಅಳೆಯಲು ಟರ್ಬೊದ ಮುಂಚೆ ಒಂದು ಮಾಸ್ ಏರ್‌ಫ್ಲೋ ಸೆನ್ಸರ್ ಇದೆ. ಈ ಸೆನ್ಸರ್ ಇರುವ ಜಾಗವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸಿದ್ಧ ಮ್ಯಾಪ್‌ಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ನಡುಮಟ್ಟದ ಆರ್‌ಪಿಎಂನಲ್ಲಿ ಎಳೆತ ಹೆಚ್ಚಿರುವುದು ಮೊದಲ ದಿನವೇ ತಿಳಿಯುತ್ತದೆ. ಆದರೆ ಫೈಲಿನ ಹೆಸರಿನಲ್ಲಿರುವ ಆಕ್ಟೇನ್ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಅಮೆರಿಕದಲ್ಲಿ ಪಂಪಿನ ಮೇಲೆ ಬರೆಯುವುದು ಎಕೆಐ, ಅಂದರೆ ಆಕ್ಟೇನ್ ಅಳೆಯುವ ಎರಡು ವಿಧಾನಗಳಾದ ಆರ್‌ಓಎನ್ ಮತ್ತು ಎಂಓಎನ್‌ಗಳ ಸರಾಸರಿ. ಬಹಳಷ್ಟು ದೇಶಗಳಲ್ಲಿ ಬರೆಯುವುದು ಬರಿಯ ಆರ್‌ಓಎನ್. ಎಕೆಐ 93 ಎಂದರೆ ಸುಮಾರು ಆರ್‌ಓಎನ್ 98. ಹೀಗಿರುವಾಗ 93 ಎಂದು ಹೆಸರಿಟ್ಟ ಮ್ಯಾಪ್ ಹಾಕಿ, ಆರ್‌ಓಎನ್ 95 ಪೆಟ್ರೋಲ್ ತುಂಬಿಸಿ, 'ನಾನು ಹೇಳಿದ್ದಕ್ಕಿಂತ ಉತ್ತಮ ಇಂಧನವನ್ನೇ ಹಾಕಿದ್ದೇನೆ' ಎಂದು ನಂಬಿರುವವರು ಎಷ್ಟೋ ಮಂದಿ. ಅವರ ಎಂಜಿನ್ ನಾಕ್ (ಮಿಶ್ರಣ ತಾನಾಗಿ ಸಿಡಿಯುವುದು) ತಪ್ಪಿಸಿಕೊಳ್ಳಲು ದಿನವಿಡೀ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಗಳಿಗೆಯನ್ನು, ತಡವಾಗುವಂತೆ ಹಿಂದಕ್ಕೆ ತಳ್ಳುತ್ತಿರುತ್ತದೆ, ಅವರು ಮ್ಯಾಪ್ ಮಾಡಿದವನನ್ನು ಬೈಯುತ್ತಿರುತ್ತಾರೆ. ತಯಾರಕರು ಈ ವ್ಯತ್ಯಾಸವನ್ನು ಫೈಲಿನ ಹೆಸರಿನಲ್ಲೇ ಬರೆದರೆ ಏನು ಕಷ್ಟವೋ ನನಗೆ ತಿಳಿಯದು.

ಈಗ ಮುಖ್ಯ ವಿಷಯ. ಟ್ಯೂನ್ ಮಾಡಿದ ಕಾರಿನಲ್ಲಿ ಏನೇ ಕೆಟ್ಟರೂ ಜನ ಮೊದಲು ಬೆರಳು ತೋರಿಸುವುದು ಟ್ಯೂನಿಂಗ್ ಕಡೆಗೆ. ನನ್ನ ಕಾರಿನಲ್ಲಿ ಒಮ್ಮೆ ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಕುಸಿಯತೊಡಗಿತು. ಆಗೀಗ ಪಿ0299 ಕೋಡ್ ಬರುತ್ತಿತ್ತು, ಅಂದರೆ ಟರ್ಬೊ ಕೇಳಿದಷ್ಟು ಒತ್ತಡ ಕೊಡುತ್ತಿಲ್ಲ ಎಂಬ ದೂರು. ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ವೇಸ್ಟ್‌ಗೇಟ್ ಡ್ಯೂಟಿ (ಟರ್ಬೊವನ್ನು ಎಷ್ಟು ದುಡಿಸಬೇಕೆಂಬ ಆದೇಶ) ಏರಿಸಿದ ಹೊಸ ಮ್ಯಾಪ್ ಹಾಕಿಸಿ. ಅದು ತೂತು ಬಿದ್ದ ಕೊಡಕ್ಕೆ ಇನ್ನಷ್ಟು ಜೋರಾಗಿ ನೀರು ಸುರಿಯುವ ಸಲಹೆ ಎಂಬುದು ಲಾಗ್ ನೋಡಿದಾಗ ಸ್ಪಷ್ಟವಾಯಿತು.

ಲಾಗ್‌ನಲ್ಲಿ ಇದ್ದದ್ದು ಇಷ್ಟು. ಗುರಿಯ ಬೂಸ್ಟ್ ಒಂದು ಕಡೆ, ನಿಜವಾದ ಬೂಸ್ಟ್ ಅದಕ್ಕಿಂತ ಸಾಕಷ್ಟು ಕೆಳಗೆ. ವೇಸ್ಟ್‌ಗೇಟ್ ಡ್ಯೂಟಿ ಆಗಲೇ ತನ್ನ ಮೇಲ್ಮಿತಿಯನ್ನು ಮುಟ್ಟಿತ್ತು. ಎಂದರೆ ಇಸಿಯು ತನ್ನ ಕೈಲಾದದ್ದನ್ನೆಲ್ಲ ಮಾಡುತ್ತಿತ್ತು. ಪೂರ್ಣ ಲೋಡಿನಲ್ಲಿ ಮಿಶ್ರಣ ಗುರಿಗಿಂತ ರಿಚ್ ಆಗಿ, ಇಂಧನ ಹೆಚ್ಚಾಗಿ, ಫ್ಯುಯೆಲ್ ಟ್ರಿಮ್ (ಇಸಿಯು ಇಂಧನಕ್ಕೆ ಮಾಡುವ ತಿದ್ದುಪಡಿ) ಅದನ್ನು ಕಳೆಯಲು ಋಣಾತ್ಮಕ ದಿಕ್ಕಿಗೆ ಇಳಿದಿತ್ತು. ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಸುಮ್ಮನೆ ಓಡುವಾಗ) ಮಾತ್ರ ಟ್ರಿಮ್ ಸೊನ್ನೆಯ ಆಸುಪಾಸಿನಲ್ಲೇ ಇತ್ತು.

ಈ ಕೊನೆಯ ಸಂಗತಿಯೇ ಸೋರಿಕೆ ಎಲ್ಲಿದೆ ಎಂದು ಹೇಳಿಬಿಡುತ್ತದೆ. ಏರ್‌ಫ್ಲೋ ಸೆನ್ಸರ್ ಮತ್ತು ಟರ್ಬೊ ನಡುವೆ ತೂತಿದ್ದರೆ, ಅಳೆಯದ ಗಾಳಿ ಒಳಕ್ಕೆ ನುಗ್ಗುತ್ತದೆ. ಬೂಸ್ಟ್ ಇರಲಿ ಬಿಡಲಿ, ಮಿಶ್ರಣ ಲೀನ್ ಆಗುವತ್ತ, ಅಂದರೆ ಇಂಧನ ಕಡಿಮೆಯಾಗುವತ್ತ, ಸರಿಯುತ್ತದೆ. ಥ್ರಾಟಲ್‌ನ (ಗಾಳಿ ನಿಯಂತ್ರಿಸುವ ಕವಾಟದ) ಆಚೆ, ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ತೂತಿದ್ದರೆ, ಐಡಲ್‌ನ ನಿರ್ವಾತ ಗಾಳಿಯನ್ನು ಒಳಗೆಳೆದು ಲೀನ್ ಮಾಡುತ್ತದೆ, ಬೂಸ್ಟ್‌ನಲ್ಲಿ ಅಳೆದ ಗಾಳಿಯೇ ಹೊರಕ್ಕೆ ಹೋಗಿ ರಿಚ್ ಆಗುತ್ತದೆ. ಐಡಲ್ ಬಹುತೇಕ ಸರಿಯಿದ್ದು ಬೂಸ್ಟ್‌ನಲ್ಲಿ ಮಾತ್ರ ರಿಚ್ ಆದರೆ, ತೂತು ಟರ್ಬೊ ಮತ್ತು ಥ್ರಾಟಲ್ ನಡುವಿನ ಕೊಳವೆಗಳಲ್ಲಿ, ಇಲ್ಲವೇ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನಲ್ಲಿ ಇರುವ ಸಾಧ್ಯತೆ ಹೆಚ್ಚು. ನನ್ನದು ಈ ಮೂರನೆಯದು.

ಹೊಗೆ ಬಿಟ್ಟು ನೋಡುವ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಬಹಳಷ್ಟು ಗ್ಯಾರೇಜುಗಳು ಇಲ್ಲಿಗೇ ನಿಲ್ಲಿಸಿ 'ಸೋರಿಕೆ ಇಲ್ಲ' ಎಂದು ಬರೆದುಕೊಡುತ್ತವೆ. ಹೊಗೆ ಯಂತ್ರದ ಒತ್ತಡ ತೀರಾ ಕಡಿಮೆ. ಬೂಸ್ಟ್ ಬಂದಾಗ ಮಾತ್ರ ಬಾಯಿ ಬಿಡುವ ಜೋಡಣೆ ಆ ಒತ್ತಡಕ್ಕೆ ಬಾಯಿ ಬಿಡುವುದಿಲ್ಲ. ಟರ್ಬೊದ ಬಾಯಿಗೆ ಮುಚ್ಚಳ ಹಾಕಿ, ಕಂಪ್ರೆಸರ್‌ನಿಂದ ಬೂಸ್ಟ್‌ನಷ್ಟೇ ಒತ್ತಡದ ಗಾಳಿ ತುಂಬಿಸಿ, ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿದಾಗ ಥ್ರಾಟಲ್ ಬಳಿಯ ರಬ್ಬರ್ ಕಪ್ಲರ್‌ನಿಂದ ಗುಳ್ಳೆಗಳೆದ್ದವು. ಒಳಗೆ ಎಣ್ಣೆಯ ಪದರ ಕೂತು ಕಪ್ಲರ್ ಜಾರಿತ್ತು. ಒರೆಸಿ, ಸರಿಯಾಗಿ ಕೂರಿಸಿ, ಹೊಸ ಕ್ಲ್ಯಾಂಪ್ ಹಾಕಿದ್ದಾಯಿತು. ಮ್ಯಾಪಿನ ಒಂದು ಅಂಕಿಯೂ ಬದಲಾಗಲಿಲ್ಲ. ಮುಂದಿನ ಲಾಗ್‌ನಲ್ಲಿ ಡ್ಯೂಟಿ ಕೆಳಗಿಳಿದು ಬೂಸ್ಟ್ ಗುರಿಯ ಮೇಲೆ ಕೂತಿತ್ತು. ಡ್ಯೂಟಿ ಏರಿಸಿದ ಮ್ಯಾಪ್ ಹಾಕಿಸಿದ್ದರೆ ಟರ್ಬೊ ಮಿತಿಮೀರಿದ ವೇಗದಲ್ಲಿ ತಿರುಗಿ ಬಿಸಿ ಗಾಳಿಯನ್ನು ತಳ್ಳುತ್ತಿತ್ತು, ಜಾರಿದ ಕಪ್ಲರ್ ಒಂದು ದಿನ ಪೂರ್ತಿ ಕಳಚಿಕೊಳ್ಳುತ್ತಿತ್ತು.

ಮಿಸ್‌ಫೈರ್ ವಿಷಯದಲ್ಲೂ ಲಾಗ್ ಓದುವುದು ಗೊತ್ತಿಲ್ಲದಿದ್ದರೆ ದಾರಿ ತಪ್ಪುತ್ತದೆ. ಬೂಸ್ಟ್ ಏರಿದಂತೆ ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ, ಪ್ಲಗ್‌ನ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಹಳೆಯ ಇಗ್ನಿಷನ್ ಕಾಯಿಲ್ ಅಥವಾ ಅಗಲವಾದ ಗ್ಯಾಪ್ ಇದ್ದರೆ ಕಿಡಿ ಆರಿಹೋಗುತ್ತದೆ. ಉರಿಯದೆ ಹೋದ ಆ ಹೊಡೆತದ ಆಮ್ಲಜನಕ ಹಾಗೆಯೇ ಎಕ್ಸಾಸ್ಟ್‌ಗೆ ಬರುತ್ತದೆ. ಲ್ಯಾಂಬ್ಡಾ ಸೆನ್ಸರ್ ನೋಡುವುದು ಆಮ್ಲಜನಕವನ್ನು, ಹಾಗಾಗಿ ಲಾಗ್‌ನಲ್ಲಿ ಅದು ಲೀನ್ ಎಂದು ಕಾಣುತ್ತದೆ. ಇದನ್ನು ನೋಡಿ ಇಂಧನ ಹೆಚ್ಚಿಸಿದರೆ ಕಿಡಿಯ ತೊಂದರೆ ಹಾಗೆಯೇ ಉಳಿಯುತ್ತದೆ. ಪ್ಲಗ್ ಗ್ಯಾಪನ್ನು 0.6-0.7 ಮಿಲಿಮೀಟರ್‌ಗೆ ಇಳಿಸುವುದು ಟ್ಯೂನ್ ಮಾಡಿದ ಟರ್ಬೊ ಎಂಜಿನ್‌ಗಳಲ್ಲಿ ಸಾಮಾನ್ಯ. ನನ್ನ ಕಾರಿನಲ್ಲೂ ಅಷ್ಟೇ ಸಾಕಾಯಿತು. ಲಾಗ್ ಕೇಳುವ ಮುಂಚೆ 'ಪ್ಲಗ್ ಯಾವಾಗ ಬದಲಿಸಿದ್ದೀರಿ?' ಎಂದು ಕೇಳುವ ಟ್ಯೂನರ್ ಸಿಕ್ಕರೆ ಅವರನ್ನು ಬಿಡಬೇಡಿ.

ನಾಕ್ ಸಂಖ್ಯೆಗಳು ಈ ಸಾಧನದ ಅತ್ಯಂತ ಉಪಯುಕ್ತ ಭಾಗ, ಅತಿ ಹೆಚ್ಚು ಗಾಬರಿ ಹುಟ್ಟಿಸುವ ಭಾಗವೂ ಅದೇ. ನಾಕ್ ಸೆನ್ಸರ್ ಎಂದರೆ ಎಂಜಿನ್ ಬ್ಲಾಕ್‌ಗೆ ಬಿಗಿದ ಒಂದು ಪೀಜೋ ಕಿವಿ, ಅಂದರೆ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ತುಣುಕು. ಸಿಲಿಂಡರಿನ ಅಗಲ 86 ಮಿಲಿಮೀಟರ್ ಇದ್ದರೆ ನಾಕ್‌ನ ಸದ್ದು ಸರಿಸುಮಾರು 6.5 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದೆ. ಇಸಿಯು ಆ ಆವರ್ತನದ ಪಟ್ಟಿಯನ್ನಷ್ಟೇ ಆಲಿಸುತ್ತದೆ. ಸಡಿಲವಾದ ಹೀಟ್ ಶೀಲ್ಡ್, ಚೌಕಟ್ಟಿಗೆ ತಾಗುವ ಎಕ್ಸಾಸ್ಟ್ ಪೈಪ್, ಗಟ್ಟಿಯಾದ ಎಂಜಿನ್ ಮೌಂಟ್ ಕೂಡ ಅದೇ ಪಟ್ಟಿಯಲ್ಲಿ ಸದ್ದು ಮಾಡಬಲ್ಲವು. ನಿಜವಾದ ನಾಕ್ ಲೋಡಿನ ಜೊತೆ, ಇಂಧನದ ಜೊತೆ, ಗಾಳಿಯ ಬಿಸಿಯ ಜೊತೆ ಏರಿಳಿಯುತ್ತದೆ. ಒಳ್ಳೆಯ ಇಂಧನ ಹಾಕಿದರೂ, ತಂಪಾದ ಮುಂಜಾನೆಯಲ್ಲೂ, ಅದೇ ಆರ್‌ಪಿಎಂನಲ್ಲಿ ಅದೇ ಸಂಖ್ಯೆ ಬಂದರೆ ಸ್ಪ್ಯಾನರ್ ತೆಗೆದುಕೊಂಡು ಕಾರಿನ ಕೆಳಗೆ ನೋಡುವುದು ಲೇಸು. ಗೇರ್ ಬದಲಿಸುವಾಗ ಟೈಮಿಂಗ್ ಒಂದೆರಡು ಡಿಗ್ರಿ ಹಿಂದೆ ಸರಿದು ಕೂಡಲೇ ಮರಳುವುದಕ್ಕೆ ನಿದ್ದೆಗೆಡಬೇಕಾಗಿಲ್ಲ. ಒಂದೇ ಸಿಲಿಂಡರಿನಲ್ಲಿ, ಪೂರ್ಣ ಲೋಡಿನಲ್ಲಿ, ಪ್ರತಿ ಬಾರಿಯೂ ಬರುವುದನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಸಾಧನ ಎಲ್ಲವನ್ನೂ ಒಂದೇ ಕೆಂಪು ಬಣ್ಣದಲ್ಲಿ ತೋರಿಸುತ್ತದೆ, ಇದು ಅದರ ದೊಡ್ಡ ಕೊರತೆ.

ಲಾಗ್ ಕಾಪಾಡಲಾರದ ಒಂದು ಅಪಾಯವೂ ಇದೆ. ಎತ್ತರದ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಪೆಡಲನ್ನು ಪೂರ್ತಿ ಒತ್ತಿದಾಗ, ಕಿಡಿ ಹಾರುವ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳಬಹುದು. ಎಲ್‌ಎಸ್‌ಪಿಐ ಎಂದು ಕರೆಯುವ ಇದು ಒಂದೇ ಹೊಡೆತಕ್ಕೆ ಪಿಸ್ಟನ್ನಿನ ಅಂಚನ್ನು ಮುರಿಯಬಲ್ಲದು. ಟೈಮಿಂಗ್ ಹಿಂದೆ ಸರಿಸಿ ಪ್ರಯೋಜನವಿಲ್ಲ, ಹೊತ್ತಿಸಿದ್ದು ಕಿಡಿಯೇ ಅಲ್ಲವಲ್ಲ. ಎಂಜಿನ್ ಎಣ್ಣೆಯಲ್ಲಿನ ಕ್ಯಾಲ್ಸಿಯಂ ಆಧಾರಿತ ಡಿಟರ್ಜೆಂಟ್ ಇದನ್ನು ಹೆಚ್ಚಿಸುತ್ತದೆ ಎಂದು ತಿಳಿದ ಮೇಲೆ 2018ರಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎನ್ ಪ್ಲಸ್, 2020ರಲ್ಲಿ ಎಪಿಐ ಎಸ್‌ಪಿ ದರ್ಜೆಗಳು ಬಂದವು. ಟ್ಯೂನಿಂಗ್‌ಗೆ ಹಣ ಸುರಿದು, ಡಬ್ಬಿಯ ಮೇಲಿನ ಈ ದರ್ಜೆ ನೋಡದೆ ಎಣ್ಣೆ ಕೊಳ್ಳುವುದು ಅರ್ಥವಿಲ್ಲದ ಉಳಿತಾಯ.

ಎರಡು ಲಾಗ್‌ಗಳನ್ನು ಹೋಲಿಸುವ ಮುಂಚೆ ಇನ್‌ಟೇಕ್ ಗಾಳಿಯ ಉಷ್ಣತೆ ಮತ್ತು ವಾತಾವರಣದ ಒತ್ತಡ ನೋಡಿ. ಸಮುದ್ರ ಮಟ್ಟದಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್ ಇರುವ ಒತ್ತಡ ಸಾವಿರ ಮೀಟರ್ ಏರಿದರೆ 11-12 ಕಿಲೋಪ್ಯಾಸ್ಕಲ್ ಇಳಿಯುತ್ತದೆ. ಮೇಲೆ ಅದೇ ಒಟ್ಟು ಒತ್ತಡ ಕೊಡಲು ಟರ್ಬೊ ಹೆಚ್ಚು ದುಡಿಯಬೇಕು, ಆಗ ಡ್ಯೂಟಿ ಏರಿದ್ದನ್ನು ಸೋರಿಕೆ ಎಂದುಕೊಳ್ಳಬಾರದು. ಹಾಗೆಯೇ ಪೆಡಲ್ ಪೂರ್ತಿ ಒತ್ತಿದ್ದರೂ ಥ್ರಾಟಲ್ ತುಸು ಮುಚ್ಚಿಕೊಳ್ಳುವುದು ಎಷ್ಟೋ ಕಾರುಗಳಲ್ಲಿ ದೋಷವೇ ಅಲ್ಲ. ಇಸಿಯು ಲೆಕ್ಕ ಹಾಕಿದ ಟಾರ್ಕ್ ಅನುಮತಿಸಿದ್ದಕ್ಕಿಂತ ಹೆಚ್ಚಾದಾಗ ಅದು ಕೈ ಹಾಕುವ ಬಗೆ ಅದು.

ಎಥನಾಲ್ ಬೆರೆಸುವವರು ರೇಲ್ ಒತ್ತಡದ (ಇಂಜೆಕ್ಟರುಗಳಿಗೆ ಹೋಗುವ ಇಂಧನದ ಒತ್ತಡದ) ಚಾನೆಲ್ ಬಿಡಬಾರದು. ಪೆಟ್ರೋಲಿಗೆ 14.7 ಪಾಲು ಗಾಳಿ ಸಾಕಾದರೆ ಇ85ಕ್ಕೆ (ಶೇ. 85ರವರೆಗೆ ಎಥನಾಲ್ ಇರುವ ಇಂಧನಕ್ಕೆ) ಆ ಅನುಪಾತ 9.8ರ ಸುತ್ತಮುತ್ತ, ಅಷ್ಟೇ ಗಾಳಿಗೆ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಇಂಧನ ಬೇಕು. ಮೇಲಿನ ಆರ್‌ಪಿಎಂನಲ್ಲಿ ರೇಲ್ ಒತ್ತಡ ಗುರಿಯಿಂದ ಕೆಳಗಿಳಿಯತೊಡಗಿದರೆ ಪಂಪಿನ ಮಿತಿ ಬಂದಿದೆ ಎಂದೇ ಅರ್ಥ. ಅದನ್ನು ಯಾವ ಮ್ಯಾಪೂ ದಾಟಿಸದು.

ಸಾಧನದ ಬಗ್ಗೆ ನನ್ನ ತಕರಾರುಗಳು ಕಡಿಮೆಯೇನಲ್ಲ. ಎಲ್ಲ ಚಾನೆಲ್‌ಗಳನ್ನೂ ಆರಿಸಿದರೆ ಸೆಕೆಂಡಿಗೆ ಸಿಗುವ ಮಾದರಿಗಳು ಇಷ್ಟಿಷ್ಟೇ ಆಗಿ, ಕ್ಷಣಮಾತ್ರ ಬಂದು ಹೋಗುವ ನಾಕ್ ಕಣ್ಣಿಗೇ ಬೀಳುವುದಿಲ್ಲ. ಹನ್ನೆರಡು ಹದಿಮೂರಕ್ಕೆ ನಿಲ್ಲಿಸುವುದು ಒಳ್ಳೆಯದು. ಕೈಪಿಡಿಯಲ್ಲಿ ಚಾನೆಲ್‌ಗಳ ಹೆಸರಿದೆ, ಅರ್ಥವಿಲ್ಲ. ಒಂದು ಒತ್ತಡ ಪಿಎಸ್‌ಐನಲ್ಲಿ, ಇನ್ನೊಂದು ಕಿಲೋಪ್ಯಾಸ್ಕಲ್‌ನಲ್ಲಿ. ಅದರಲ್ಲೂ ಯಾವುದು ವಾತಾವರಣವನ್ನು ಸೇರಿಸಿದ್ದು, ಯಾವುದು ಕಳೆದದ್ದು ಎಂದು ನೀವೇ ಊಹಿಸಬೇಕು. ಬಿಸಿಲಿನಲ್ಲಿ ಪರದೆ ಓದಲಾಗದು. ಗ್ರಾಹಕ ಸೇವೆಯವರು 'ಲಾಗ್ ಕಳುಹಿಸಿ' ಎಂದು ಬೇಗನೆ ಬರೆಯುತ್ತಾರೆ, ಕಳುಹಿಸಿದ ಮೇಲೆ ಮೌನ ತಾಳುತ್ತಾರೆ.

ಮ್ಯಾಪ್ ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಜೋಡಿಸಿಯೇ ಬರೆಯಿರಿ. ನಡುವೆ ವೋಲ್ಟೇಜ್ ಕುಸಿದರೆ ಇಸಿಯು ಅರೆಬರೆ ಬರೆಸಿಕೊಂಡು ಕಾರು ಸ್ಟಾರ್ಟ್ ಆಗದೆ ನಿಲ್ಲಬಹುದು. ಸರ್ವಿಸ್‌ಗೆ ಬಿಟ್ಟಾಗ ಅಲ್ಲಿನವರು ತಯಾರಕರ ಹೊಸ ಸಾಫ್ಟ್‌ವೇರ್ ಹಾಕಿದರೆ ನಿಮ್ಮ ಮ್ಯಾಪ್ ಅಳಿಸಿಹೋಗುತ್ತದೆ. ಎಷ್ಟೋ ಇಸಿಯುಗಳು ಎಷ್ಟು ಬಾರಿ ಬರೆಸಿಕೊಂಡೆವು ಎಂಬ ಎಣಿಕೆಯನ್ನೂ ಇಟ್ಟುಕೊಳ್ಳುತ್ತವೆ, ಆದ್ದರಿಂದ ಮೂಲ ಮ್ಯಾಪಿಗೆ ಮರಳಿದರೂ ವಾರಂಟಿ ವಾದದಲ್ಲಿ ಗುಟ್ಟು ಉಳಿಯುವ ಭರವಸೆಯಿಲ್ಲ. ಪೂರ್ಣ ಥ್ರಾಟಲ್ ಲಾಗ್‌ಗಳನ್ನು ಡೈನೊ (ನಿಂತಲ್ಲೇ ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಅಥವಾ ಮುಚ್ಚಿದ ಟ್ರ್ಯಾಕಿನಲ್ಲಿ ಮಾತ್ರ ತೆಗೆಯಿರಿ.

ಹಳೆಯದನ್ನು ಕೊಳ್ಳುವ ಯೋಚನೆ ಇದ್ದರೆ ಒಂದು ಮಾತು. ಈ ಸಾಧನ ಒಂದು ಸಮಯದಲ್ಲಿ ಒಂದೇ ಕಾರಿಗೆ ಬೀಗ ಹಾಕಿಕೊಳ್ಳುತ್ತದೆ. ಮಾರುವವರು ಮೂಲ ಮ್ಯಾಪನ್ನು ಮರಳಿ ಹಾಕಿ, ತಮ್ಮ ಕಾರಿನಿಂದ ಅದನ್ನು ಬಿಡಿಸಿರಬೇಕು. ಕಾರು ಈಗಾಗಲೇ ಬೇರೆಯವರ ಪಾಲಾಗಿದ್ದು ಸಾಧನ ಮಾತ್ರ ಮಾರಾಟಕ್ಕಿದ್ದರೆ, ಬೆಲೆ ಎಷ್ಟೇ ಇಳಿದಿರಲಿ, ಕೊಳ್ಳಬೇಡಿ.