ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿರುವ ಅಂಗಡಿಯವರೇ, ಮುಂದಿನ ಕಂತು ಕಟ್ಟುವ ಮೊದಲು ಇದನ್ನು ಓದಿ

ಮಂಡ್ಯದಲ್ಲಿ ನಮ್ಮದು ಸೀರೆ ಅಂಗಡಿ. ದೊಡ್ಡದೇನಲ್ಲ. ಮದುವೆ ಜವಳಿಗೆ ಕೆರಗೋಡು, ಮದ್ದೂರು, ಪಾಂಡವಪುರದಿಂದೆಲ್ಲ ಬರುತ್ತಾರೆ. ಬಿಲ್ ಹಾಕುವಾಗ ಹೆಸರು, ಫೋನ್ ನಂಬರ್ ಕೇಳುತ್ತಿದ್ದೆವು. ಅದೆಲ್ಲ ಹೋಗಿ ಕೂರುವುದು ಸಾಫ್ಟ್‌ವೇರ್ ಕಂಪನಿಯ ಸರ್ವರ್‌ನಲ್ಲಿ. ಈಗ ಎಲ್ಲ ಕಡೆ ಹೀಗೇ ಅಲ್ವಾ? ಆ ಸರ್ವರ್‌ನಿಂದ ನಮ್ಮ ಗಿರಾಕಿಗಳ ವಿವರ ಕಳುವಾಗಿದೆ. ಕಂಪನಿಗೆ ಗೊತ್ತಿತ್ತು. ನಮಗೆ ಹೇಳಲಿಲ್ಲ. ದುಡ್ಡು ಕಳೆದುಕೊಂಡ ಗಿರಾಕಿಗಳು ಬಂದು ಹೇಳಬೇಕಾಯಿತು.

ಕರೆ ಮಾಡುವವರು ನಮ್ಮ ಅಂಗಡಿಯ ಹೆಸರೇ ಹೇಳುತ್ತಾರೆ. ಬಿಲ್ ತಾರೀಖು, ಮೊತ್ತ ಎಲ್ಲ ಸರಿಯಾಗಿ ಹೇಳುತ್ತಾರೆ. ಲಕ್ಕಿ ಡ್ರಾದಲ್ಲಿ ಸ್ಕೂಟರ್ ಬಂದಿದೆ, ಟ್ಯಾಕ್ಸ್ ಕಟ್ಟಿ ಅಂತ ಕ್ಯೂಆರ್ ಕೋಡ್ ಕಳಿಸುತ್ತಾರೆ. ಮಗಳ ಮದುವೆಗೆ ನಮ್ಮಲ್ಲೇ ಜವಳಿ ತೆಗೆದಿದ್ದ ಒಬ್ಬ ಅಮ್ಮ 9,000 ರೂಪಾಯಿ ಹಾಕಿಬಿಟ್ಟಿದ್ದಾರೆ. ಅಂಗಡಿ ತುಂಬ ಜನ ಇದ್ದಾಗ ಬಂದು ಕೇಳಿದರು: "ನಿಮ್ ಅಂಗ್ಡಿಯೋರು ಅಂತ ನಂಬಿ ಹಾಕ್ದೆ ಕಣವ್ವ. ಸೀರೆಗೆ ಕುಚ್ಚು ಕಟ್ಸಿದ್ದೂ ಗೊತ್ತಿತ್ತು ಅವ್ನಿಗೆ. ನೀವ್ ಹೇಳ್ದೆ ಇನ್ಯಾರ್ ಹೇಳ್ತಾರೆ?"

ಕುಚ್ಚಿನ ಚಾರ್ಜು ನಮ್ಮ ಬಿಲ್‌ನಲ್ಲಿ ಮಾತ್ರ ಇರುತ್ತದೆ. ಏನು ಉತ್ತರ ಕೊಡಲಿ? ಅಲ್ಲೇ ಕೂರಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ ದೂರು ಕೊಡಿಸಿದೆ. ಪಕ್ಕದಲ್ಲಿ ಸೀರೆ ನೋಡುತ್ತಿದ್ದವರು ಸುಮ್ಮನೆ ಎದ್ದು ಹೋದರು.

ಕಂಪನಿಗೆ ಫೋನ್ ಮಾಡಿದರೆ ಮೊದಲ ಉತ್ತರ, "ನಿಮ್ಮ ಕಂಪ್ಯೂಟರ್‌ನಲ್ಲೇ ವೈರಸ್ ಇರಬೇಕು ಮೇಡಂ." ಮತ್ತೆ ಮಾಡಿದಾಗ, "ಪಾಸ್‌ವರ್ಡ್ ಯಾರಿಗಾದ್ರೂ ಕೊಟ್ಟಿದ್ದೀರಾ? ಕೌಂಟರ್‌ನಲ್ಲಿ ಕೂರೋ ಹುಡುಗಿ ಮೇಲೆ ಒಂದು ಕಣ್ಣಿಡಿ." ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದಾಗಿಂದ ನಮ್ಮ ಜೊತೆ ಇದ್ದಾಳೆ. ಫೋನ್ ಸ್ಪೀಕರ್‌ನಲ್ಲಿತ್ತು, ಅವಳಿಗೂ ಕೇಳಿಸಿತು. ಊಟ ಬಿಟ್ಟು ಅಳುತ್ತಾ ಕೂತಳು. ಇದನ್ನು ನಾನು ಮರೆಯುವುದಿಲ್ಲ. ದುಡ್ಡಿನ ಮಾತು ಬೇರೆ, ಒಂದು ಹೆಣ್ಣುಮಗಳ ಮೇಲೆ ಕಳ್ಳತನ ಹೊರಿಸಿದ್ದು ಬೇರೆ.

ಯಾಕೆ ಅಂದರೆ, ಅಷ್ಟರಲ್ಲಿ ಅವರಿಗೆ ಎಲ್ಲ ಗೊತ್ತಿತ್ತು! ನಮ್ಮ ಭಾವ ಮೈಸೂರಿನ ಶಿವರಾಂಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಾರೆ, ಅವರದ್ದೂ ಇದೇ ಸಾಫ್ಟ್‌ವೇರ್. ಅವರಿಗೆ ಬಂದಿದ್ದ ಮೇಲ್ ತೋರಿಸಿದರು. ಕೆಲವು ಗ್ರಾಹಕರ ಮಾಹಿತಿ ಹೊರಗೆ ಹೋಗಿರಬಹುದು ಅಂತ ಇಂಗ್ಲಿಷ್‌ನಲ್ಲಿ ಬರೆದಿತ್ತು. ತಾರೀಖು ನೋಡಿದೆ. ನನಗೆ ವೈರಸ್ ಕಥೆ ಹೇಳುವುದಕ್ಕೂ ಮೊದಲಿನದು. ಮೈಮೇಲೆ ಬಿಸಿನೀರು ಸುರಿದ ಹಾಗಾಯಿತು. ದೊಡ್ಡ ಅಂಗಡಿಯವರಿಗೆ ಮೇಲ್, ನಮ್ಮಂಥವರಿಗೆ ಸುಳ್ಳು.

ಯಾಕೆ ತಿಳಿಸಲಿಲ್ಲ ಅಂತ ಕೇಳಿದ್ದಕ್ಕೆ, "ಮೇಲಿನವರು ನೋಡ್ತಾ ಇದ್ದಾರೆ ಮೇಡಂ. ನಿಮಗೆ ಎರಡು ತಿಂಗಳು ಫ್ರೀ ಕೊಡ್ತೀವಿ." ಫ್ರೀ ಅಂತೆ! ಆ ಅಮ್ಮನ ದುಡ್ಡು ಕೊಡುತ್ತೀರಾ ಅಂದರೆ ಫೋನ್ ಕಟ್.

ಇಂಥದ್ದು ಗೊತ್ತಾದ 6 ಗಂಟೆಯೊಳಗೆ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು ಅಂತ 2022ರಿಂದ ನಿಯಮ ಇದೆ. ಮಾಡಿದ್ದೀರಾ ಅಂತ ಬರೆದು ಕೇಳಿದೆ, ಉತ್ತರ ಇಲ್ಲ. 2023ರ ಡೇಟಾ ರಕ್ಷಣೆ ಕಾನೂನು ಇನ್ನೊಂದು ಸಂಕಟ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಸೋರಿಕೆಯಾದರೆ ಗಿರಾಕಿಗೆ ತಿಳಿಸಬೇಕು ಅನ್ನುವ ಭಾಗಕ್ಕೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಅದು ಪೂರ್ತಿ ಜಾರಿಯಾದ ಮೇಲೂ ಗಿರಾಕಿಗೆ ಉತ್ತರ ಕೊಡಬೇಕಾದ್ದು ಮಾಹಿತಿ ಕೇಳಿ ತೆಗೆದುಕೊಂಡ ನಾವೇ. ಕಳಕೊಂಡವರು ಅವರು, ಜವಾಬು ನಮ್ಮದು!

ಹಾಗಾಗಿ ಸಾಫ್ಟ್‌ವೇರ್ ಮಾರಲು ಬಂದವನ ಹತ್ತಿರ, ಸೋರಿಕೆಯಾದರೆ ಎಷ್ಟು ಹೊತ್ತಿನಲ್ಲಿ ತಿಳಿಸುತ್ತೀರಿ, ನಷ್ಟ ಯಾರು ತುಂಬುತ್ತಾರೆ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಬೇಡದ ವಿವರ ಗಿರಾಕಿಗಳಿಂದ ಕೇಳಲೇಬೇಡಿ. ನಾವು ಈಗ ಫೋನ್ ನಂಬರ್ ಕೇಳುವುದನ್ನೇ ಬಿಟ್ಟಿದ್ದೇವೆ. ನಮ್ಮ ಹಳೆಯ ಪಟ್ಟಿ ಅಳಿಸಿ ಅಂತ ಕಂಪನಿಗೆ ಬರೆದಿದ್ದೇನೆ, ಅದಕ್ಕೂ ಸುದ್ದಿ ಇಲ್ಲ.

ಮಂಡ್ಯ, ಮೈಸೂರು ಕಡೆ ಬೇರೆ ಅಂಗಡಿಯವರ ಗಿರಾಕಿಗಳಿಗೂ ಇಂಥ ಕರೆ ಬಂದಿದ್ದರೆ ನನಗೆ ತಿಳಿಸಿ. ಬಿಲ್ ಪ್ರತಿ, ಕರೆ ಬಂದ ನಂಬರ್ ಇಟ್ಟುಕೊಳ್ಳಿ. ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಎಲ್ಲರೂ ಒಟ್ಟಿಗೇ ಹೋಗೋಣ.