ನೆಕ್ಸ್ಟ್‌ಕ್ಲೌಡ್‌ನ ದೀರ್ಘಕಾಲದ ಬಳಕೆ: ಪಾಸ್‌ವರ್ಡ್ ಸರಿಯಿದ್ದೂ ಲಾಗಿನ್ ಆಗದಿದ್ದಾಗ

ಸ್ವಂತ ಸರ್ವರ್‌ನಲ್ಲಿ ಸ್ಥಾಪಿಸಿಕೊಂಡು ಬ್ರೌಸರ್ ಮೂಲಕ ಬಳಸಬಹುದಾದ ಕಡತ ಸಂಗ್ರಹ ತಂತ್ರಾಂಶಗಳಲ್ಲಿ ನೆಕ್ಸ್ಟ್‌ಕ್ಲೌಡ್ ಹೆಸರಾದದ್ದು. 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದ ಈ ಮುಕ್ತ ತಂತ್ರಾಂಶವನ್ನು ಹುಬ್ಬಳ್ಳಿಯ ನಮ್ಮ ಕಟ್ಟಡ ವಿನ್ಯಾಸ ಕಚೇರಿಯಲ್ಲಿ ನಕ್ಷೆ, ಅಂದಾಜುಪಟ್ಟಿ ಮತ್ತು ಕ್ಯಾಲೆಂಡರ್‌ಗಳಿಗಾಗಿ ಹಲವು ವರ್ಷಗಳಿಂದ ಬಳಸುತ್ತಿದ್ದೇವೆ. ಕಡತಗಳ ಹಂಚಿಕೆ, ಹಳೆಯ ಆವೃತ್ತಿಗಳ ಮರುಪಡೆಯುವಿಕೆ ಮುಂತಾದವುಗಳ ಬಗ್ಗೆ ನನಗೆ ಹೇಳಿಕೊಳ್ಳುವಂಥ ತಕರಾರಿಲ್ಲ. ಸರ್ವರ್ ನೋಡಿಕೊಳ್ಳುವ ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವು ಲಾಗಿನ್‌ಗೆ ಸಂಬಂಧಿಸಿದವು, ಮತ್ತು ಅವುಗಳಲ್ಲಿ ಪಾಸ್‌ವರ್ಡ್ ನಿಜಕ್ಕೂ ತಪ್ಪಾಗಿರುವ ಪ್ರಕರಣಗಳು ಕಡಿಮೆ. ಆದ್ದರಿಂದ ಈ ವಿಮರ್ಶೆಯನ್ನು ಲಾಗಿನ್‌ಗೆ ಸೀಮಿತಗೊಳಿಸಿದ್ದೇನೆ.

ಅತ್ಯಂತ ಗೊಂದಲ ಹುಟ್ಟಿಸುವುದು, ಯಾವ ತಪ್ಪು ಸಂದೇಶವೂ ಇಲ್ಲದೆ ಲಾಗಿನ್ ಪುಟವೇ ಮತ್ತೆ ಬಂದು ನಿಲ್ಲುವ ಸ್ಥಿತಿ. ಹೀಗಾದಾಗ ಸರ್ವರ್ ಪಾಸ್‌ವರ್ಡನ್ನು ಬಹುಮಟ್ಟಿಗೆ ಒಪ್ಪಿಕೊಂಡಿರುತ್ತದೆ. ಒಪ್ಪಿಕೊಂಡದ್ದಕ್ಕೆ ಗುರುತಾಗಿ ಕೊಟ್ಟ ಕುಕೀ (ಬ್ರೌಸರ್ ಉಳಿಸಿಟ್ಟುಕೊಳ್ಳುವ ಪುಟ್ಟ ಮಾಹಿತಿ ತುಣುಕು) ಮುಂದಿನ ಕೋರಿಕೆಯೊಂದಿಗೆ ಮರಳಿ ಬಂದಿರುವುದಿಲ್ಲ, ಇಲ್ಲವೇ ಆ ಕುಕೀಗೆ ಹೊಂದುವ ಸೆಷನ್ ಮಾಹಿತಿ, ಅಂದರೆ ಯಾರು ಲಾಗಿನ್ ಆಗಿದ್ದಾರೆಂಬ ದಾಖಲೆ, ಸರ್ವರ್‌ನಲ್ಲಿ ಉಳಿದಿರುವುದಿಲ್ಲ. ನಾನು ಮೊದಲು ಖಾಸಗಿ ಕಿಟಕಿಯಲ್ಲಿ ಲಾಗಿನ್ ಮಾಡಿ ನೋಡಲು ಹೇಳುತ್ತೇನೆ. ಅಲ್ಲಿ ಸರಿಹೋದರೆ ದೋಷ ಹಳೆಯ ಕುಕೀಯದ್ದು ಅಥವಾ ಯಾವುದೋ ಎಕ್ಸ್‌ಟೆನ್ಶನ್‌ನದ್ದು. ಆ ಒಂದು ತಾಣದ ಕುಕೀಗಳನ್ನಷ್ಟೇ ಅಳಿಸಿದರೆ ಸಾಕು, ಬ್ರೌಸರ್‌ನ ಇಡೀ ಇತಿಹಾಸವನ್ನು ಅಳಿಸಬೇಕಾದ ಅಗತ್ಯವಿಲ್ಲ. ಬೇರೆ ಕಂಪ್ಯೂಟರ್‌ನಲ್ಲಿಯೂ ಅದೇ ಸ್ಥಿತಿಯಿದ್ದರೆ ಸರ್ವರ್‌ನ ಡಿಸ್ಕ್ ತುಂಬಿದೆಯೇ, ನೆಕ್ಸ್ಟ್‌ಕ್ಲೌಡನ್ನು ಸರ್ವರ್‌ನಲ್ಲಿ ಓಡಿಸುವ ಪಿಎಚ್‌ಪಿ ತನ್ನ ಸೆಷನ್ ಕಡತಗಳನ್ನು ಇಡುವ ಫೋಲ್ಡರ್‌ನಲ್ಲಿ ಬರೆಯಲು ಅನುಮತಿ ಇದೆಯೇ ಎಂದು ನೋಡಬೇಕು. ಸಂಶಯ ಉಳಿದರೆ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗವನ್ನು ತೆರೆದಿಟ್ಟುಕೊಂಡು ಲಾಗಿನ್ ಮಾಡಿದರೆ, ಸರ್ವರ್ ಕುಕೀ ಕೊಟ್ಟಿತೇ, ಬ್ರೌಸರ್ ಅದನ್ನು ಮರಳಿಸಿತೇ ಎಂಬೆರಡೂ ಕಣ್ಣೆದುರೇ ಕಾಣುತ್ತವೆ.

ವಿಳಾಸದ ವಿಷಯದಲ್ಲಿ ಈ ತಂತ್ರಾಂಶ ಕಟ್ಟುನಿಟ್ಟು. ಸಂರಚನಾ ಕಡತದ ಟ್ರಸ್ಟೆಡ್ ಡೊಮೇನ್ಸ್ ಪಟ್ಟಿಯಲ್ಲಿ ಇಲ್ಲದ ಹೆಸರಿನಿಂದ ಬಂದವರಿಗೆ ಅದು ಲಾಗಿನ್ ಪುಟವನ್ನೇ ತೋರಿಸುವುದಿಲ್ಲ. ಕಚೇರಿಯೊಳಗೆ ಐಪಿ ವಿಳಾಸದಿಂದಲೂ ಹೊರಗಡೆ ಡೊಮೇನ್ ಹೆಸರಿನಿಂದಲೂ ತೆರೆಯುವ ರೂಢಿಯಿದ್ದರೆ ಅದನ್ನು ಬಿಟ್ಟು ಎಲ್ಲರೂ ಒಂದೇ ಹೆಸರನ್ನು ಬಳಸುವುದು ಒಳ್ಳೆಯದು, ಏಕೆಂದರೆ ಕುಕೀ ಆಗಲಿ, ಪಾಸ್‌ವರ್ಡ್ ಇಲ್ಲದೆ ಪ್ರವೇಶ ನೀಡುವ ವೆಬ್‌ಆಥ್ನ್ ಕೀಲಿಯಾಗಲಿ ತಾನು ಹುಟ್ಟಿದ ಹೆಸರಿಗೆ ಮಾತ್ರ ಅಂಟಿಕೊಂಡಿರುತ್ತದೆ.

ಪಾಸ್‌ವರ್ಡ್ ಊಹಿಸುವವರನ್ನು ತಡೆಯಲು ಇರುವ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳದೆ ನೆಕ್ಸ್ಟ್‌ಕ್ಲೌಡ್ ನಡೆಸುವುದು ಕಷ್ಟ. ಒಂದು ಐಪಿ ವಿಳಾಸದಿಂದ ವಿಫಲ ಪ್ರಯತ್ನಗಳು ಬರುತ್ತಿದ್ದರೆ ಸರ್ವರ್ ಆ ವಿಳಾಸಕ್ಕೆ ಕೊಡುವ ಉತ್ತರವನ್ನು ಬೇಕೆಂದೇ ನಿಧಾನಗೊಳಿಸುತ್ತದೆ. ಈ ವಿಳಂಬ 25 ಸೆಕೆಂಡುಗಳವರೆಗೆ ಬೆಳೆಯಬಹುದು. ಹೊಸ ಆವೃತ್ತಿಗಳಲ್ಲಿ ಮಿತಿ ಮೀರಿದರೆ 429 ಎಂಬ ಸಂಕೇತದೊಂದಿಗೆ ಕೋರಿಕೆ ತಿರಸ್ಕೃತವಾಗುತ್ತದೆ. ತತ್ತ್ವ ಸರಿಯಾಗಿದೆ. ಆದರೆ ಸರ್ವರ್‌ನ ಮುಂದೆ ರಿವರ್ಸ್ ಪ್ರಾಕ್ಸಿ (ಹೊರಗಿನ ಕೋರಿಕೆಗಳನ್ನು ಪಡೆದು ಸರ್ವರ್‌ಗೆ ದಾಟಿಸುವ ಮಧ್ಯವರ್ತಿ) ಇದ್ದು, ಅದನ್ನು ಟ್ರಸ್ಟೆಡ್ ಪ್ರಾಕ್ಸೀಸ್ ಪಟ್ಟಿಯಲ್ಲಿ ನಮೂದಿಸದೇ ಇದ್ದರೆ, ಬರುವವರೆಲ್ಲರೂ ಪ್ರಾಕ್ಸಿಯ ಒಂದೇ ವಿಳಾಸದಿಂದ ಬಂದಂತೆ ಸರ್ವರ್‌ಗೆ ಕಾಣುತ್ತದೆ. ನಮ್ಮಲ್ಲಿ ಸ್ಥಾಪನೆ ಮಾಡಿಕೊಟ್ಟವರು ಈ ನಮೂದನ್ನು ಬಿಟ್ಟಿದ್ದರು. ಸಹೋದ್ಯೋಗಿಯೊಬ್ಬರು ಪಾಸ್‌ವರ್ಡ್ ಬದಲಿಸಿದ ಮೇಲೆ ಅವರ ಫೋನ್‌ನ ಕ್ಯಾಲೆಂಡರ್ ಆ್ಯಪ್ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳುಹಿಸುತ್ತಿತ್ತು, ಮತ್ತು ಅದರ ಫಲವಾಗಿ ಇಡೀ ಕಚೇರಿಯ ಲಾಗಿನ್ ಕುಂಟತೊಡಗಿತು. ಎಲ್ಲರೂ ಇಂಟರ್ನೆಟ್ ನಿಧಾನವೆಂದೇ ಭಾವಿಸಿದ್ದರು. ದತ್ತಾಂಶದ ಫೋಲ್ಡರ್‌ನಲ್ಲಿರುವ ಲಾಗ್ ಕಡತವನ್ನು ತೆರೆದರೆ ವಿಫಲ ಪ್ರಯತ್ನಗಳ ಸಾಲಿನಲ್ಲಿ ಪ್ರಾಕ್ಸಿಯ ವಿಳಾಸವೇ ಎದ್ದು ಕಾಣುತ್ತಿತ್ತು. ನಮೂದನ್ನು ಸೇರಿಸಿ, ಓಸಿಸಿ ಎಂಬ ಆದೇಶ ಸಾಧನದಿಂದ ಆ ವಿಳಾಸದ ಮೇಲಿನ ತಡೆಯನ್ನು ತೆರವುಗೊಳಿಸಿದ ಬಳಿಕ ತೊಂದರೆ ಮರುಕಳಿಸಿಲ್ಲ. ಇಲ್ಲಿ ನನ್ನ ಆಕ್ಷೇಪ ಇಷ್ಟೇ: ನಡೆಯುತ್ತಿರುವುದೆಲ್ಲ ಲಾಗ್‌ನಲ್ಲಿ ದಾಖಲಾಗುತ್ತದೆ, ಲಾಗಿನ್ ಪುಟದ ಮುಂದೆ ಕಾಯುತ್ತಿರುವವರಿಗೆ ಮಾತ್ರ ಅದರಲ್ಲಿ ಬಹಳ ಸ್ವಲ್ಪ ತಲುಪುತ್ತದೆ.

ಎರಡನೇ ಹಂತದ ದೃಢೀಕರಣಕ್ಕೆ ನಾವು ಟಿಒಟಿಪಿ ಬಳಸುತ್ತೇವೆ. ಫೋನ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಸಂಖ್ಯೆ ಎಸ್‌ಎಂಎಸ್ ಮೂಲಕ ಬರುವಂಥದ್ದಲ್ಲ. ಎರಡೂ ಕಡೆ ಇರುವ ಗುಟ್ಟಿನ ಕೀಲಿ ಮತ್ತು ಗಡಿಯಾರದ ಸಮಯದಿಂದ ಫೋನ್ ಮತ್ತು ಸರ್ವರ್ ಪ್ರತ್ಯೇಕವಾಗಿ ಲೆಕ್ಕಹಾಕುವ ಸಂಖ್ಯೆ ಅದು. ಒಬ್ಬರ ಸಂಖ್ಯೆ ಮಾತ್ರ ತಪ್ಪೆಂದು ಬಂದರೆ ಅವರ ಫೋನ್‌ನ ಸಮಯವನ್ನು ಸ್ವಯಂಚಾಲಿತಕ್ಕೆ ಬದಲಿಸಿ ನೋಡಬೇಕು. ಎಲ್ಲರದ್ದೂ ಏಕಕಾಲಕ್ಕೆ ತಪ್ಪಾದರೆ ಸರ್ವರ್‌ನ ಗಡಿಯಾರವನ್ನು ನೋಡಬೇಕು. ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡಿರುವ ಕಚೇರಿಗಳಲ್ಲಿ, ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ಯಂತ್ರ ಯಾವುದೋ ಹಳೆಯ ದಿನಾಂಕದೊಂದಿಗೆ ಏಳುತ್ತದೆ ಮತ್ತು ಇಂಟರ್ನೆಟ್ ಸಂಪರ್ಕ ಸಿಕ್ಕಿ ಸಮಯ ಹೊಂದಾಣಿಕೆಯಾಗುವವರೆಗೆ ಹಾಗೆಯೇ ಇರುತ್ತದೆ. ಎಚ್‌ಟಿಟಿಪಿಎಸ್ ಪ್ರಮಾಣಪತ್ರದ ಅವಧಿಯನ್ನು ಬ್ರೌಸರ್ ತನ್ನ ಗಡಿಯಾರದಿಂದ ಪರಿಶೀಲಿಸುವುದರಿಂದ ಲಾಗಿನ್ ಪುಟ ಯಾವ ಎಚ್ಚರಿಕೆಯೂ ಇಲ್ಲದೆ ತೆರೆದುಕೊಳ್ಳುತ್ತದೆ, ಹಾಗಾಗಿ ಸಮಯದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕೆಲವು ರೂಪಾಯಿಗಳ ಬ್ಯಾಟರಿಗೆ ಇಷ್ಟು ಶಕ್ತಿಯಿದೆ!

ಎರಡನೇ ಹಂತವನ್ನು ಚಾಲೂ ಮಾಡಿದ ಮೇಲೆ ಕ್ಯಾಲೆಂಡರ್ ಮತ್ತು ವೆಬ್‌ಡ್ಯಾವ್ (ಸರ್ವರ್‌ನ ಕಡತಗಳನ್ನು ಬೇರೆ ಸಾಧನದಿಂದ ತೆರೆಯುವ ವಿಧಾನ) ಆ್ಯಪ್‌ಗಳಲ್ಲಿ ಸಾಮಾನ್ಯ ಪಾಸ್‌ವರ್ಡ್ ನಡೆಯುವುದಿಲ್ಲ. ಭದ್ರತೆಯ ಪುಟದಿಂದ ಪ್ರತಿ ಸಾಧನಕ್ಕೂ ಪ್ರತ್ಯೇಕ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಫೋನ್ ಕಳೆದುಹೋದರೆ ಅದೊಂದನ್ನೇ ರದ್ದುಪಡಿಸಬಹುದೆಂಬುದು ನಿಜವಾದ ಅನುಕೂಲ. ಫೋನ್ ಕೈಯಲ್ಲಿಲ್ಲದಾಗ ಎರಡನೇ ಹಂತವನ್ನು ದಾಟಲು ಬಳಕೆದಾರರಿಗೆ ಹತ್ತು ಮೀಸಲು ಸಂಕೇತಗಳೂ ದೊರೆಯುತ್ತವೆ. ಒಂದೊಂದನ್ನು ಒಮ್ಮೆ ಮಾತ್ರ ಬಳಸಬಹುದು. ಅವನ್ನು ಮುದ್ರಿಸಿ ಕಚೇರಿಯ ಬೀರುವಿನಲ್ಲಿ ಇಡುವುದೇ ಲೇಸು, ಏಕೆಂದರೆ ನೆಕ್ಸ್ಟ್‌ಕ್ಲೌಡ್‌ನೊಳಗೇ ಉಳಿಸಿಟ್ಟ ಮೀಸಲು ಸಂಕೇತ ಬೇಕಾದ ಹೊತ್ತಿಗೆ ಕೈಗೆ ಸಿಗದು.

ಸರ್ವರ್‌ನ ಆದೇಶ ಸಾಲಿಗೆ ಹೋಗಬಲ್ಲ ಒಬ್ಬರಾದರೂ ಇರುವ ಕಚೇರಿಗೆ ನೆಕ್ಸ್ಟ್‌ಕ್ಲೌಡನ್ನು ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಅಂಥವರಿಲ್ಲದ ಕಡೆ ಇದನ್ನು ನಡೆಸಿಕೊಡುವ ಸೇವಾದಾರರಿಂದ ಪಡೆಯುವುದು ಮೇಲು. ಅವರೊಡನೆ ಒಪ್ಪಂದ ಮಾಡಿಕೊಳ್ಳುವ ಮೊದಲು, ಐಪಿ ವಿಳಾಸದ ಮೇಲಿನ ತಡೆಯನ್ನು ತೆರವುಗೊಳಿಸುವುದು ಮತ್ತು ಫೋನ್ ಕಳೆದುಕೊಂಡವರ ಎರಡನೇ ಹಂತವನ್ನು ನಿಲ್ಲಿಸುವುದು, ಈ ಎರಡನ್ನು ರಜಾದಿನದಲ್ಲಿಯೂ ಮಾಡಿಕೊಡುತ್ತಾರೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಬೇಕು.