ಗರಿಷ್ಠ-ಕನಿಷ್ಠ ಥರ್ಮಾಮೀಟರ್: ಚಳಿ ಬಾರದ ವರ್ಷ ಗೋಧಿ ಬಿತ್ತುವವರಿಗೆ

ನವಲಗುಂದ ಭಾಗದ ಎರೆ ಭೂಮಿಯಲ್ಲಿ ಹಿಂಗಾರು ಮಾಡುವವರ ಮನೆಗಳಲ್ಲಿ ದೀಪಾವಳಿಯ ಹೊತ್ತಿಗೆ ನಡೆಯುವ ಚರ್ಚೆ ಒಂದೇ. ಚಳಿ ಬಿತ್ತೇ? ಬೀಳದಿದ್ದರೆ ಗೋಧಿ ಬಿತ್ತಬೇಕೇ, ಕಡಲೆಗೆ ಹೋಗಬೇಕೇ? ಈ ಚರ್ಚೆಯಲ್ಲಿ ಊಹೆಯ ಪಾಲು ತಗ್ಗಲಿ ಎಂದು ನಾನು ಕೊಂಡು, ಈಗ ಕೆಲವು ಹಿಂಗಾರುಗಳಿಂದ ಬಳಸುತ್ತಿರುವ ಸಾಧನ ಗರಿಷ್ಠ-ಕನಿಷ್ಠ ಥರ್ಮಾಮೀಟರ್. ಶಾಲೆ ಕಾಲೇಜುಗಳ ಪ್ರಯೋಗಾಲಯಕ್ಕೆ ಸಾಮಾನು ಮಾರುವ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ₹480 ಕೊಟ್ಟೆ. ಕಾಲುವೆ ಅಥವಾ ಬಾವಿಯ ನೀರಿದ್ದು ಗೋಧಿ ಬೆಳೆಯುವವರಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಮಳೆಯಾಶ್ರಿತ ಜೋಳದವರಿಗೆ ಬೇಕಿಲ್ಲ; ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ವಸ್ತುವನ್ನು ಮೊದಲು ಹತ್ತಿರದಿಂದ ನೋಡಿ. ಬಿಳಿ ಹಲಗೆಯ ಮೇಲೆ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಾಗಿದ ಗಾಜಿನ ಕೊಳವೆ. ಬಾಗಿದ ತಳದಲ್ಲಿ ಪಾದರಸ, ಅದರ ಮೇಲೆ ಎರಡೂ ಬದಿಯಲ್ಲಿ ತಿಳಿಯಾದ ದ್ರವ. ಒಂದೊಂದು ಬದಿಯಲ್ಲೂ ಗೋಧಿ ಕಾಳಿನಷ್ಟುದ್ದದ ಉಕ್ಕಿನ ಕಡ್ಡಿ. ರಾತ್ರಿ ತಂಪೇರಿದಂತೆ ಎಡಬದಿಯ ಪಾದರಸ ಮೇಲಕ್ಕೆ ಸರಿದು ಕಡ್ಡಿಯನ್ನು ತಳ್ಳುತ್ತದೆ. ಬೆಳಗಾಗಿ ಬಿಸಿಲೇರಿದಾಗ ಪಾದರಸ ಕೆಳಗಿಳಿದರೂ ಕಡ್ಡಿ ನಿಂತಲ್ಲೇ ನಿಂತಿರುತ್ತದೆ. ಹಗಲಿನ ಗರಿಷ್ಠ ಉಷ್ಣತೆಯನ್ನು ಬಲಬದಿಯ ಕಡ್ಡಿ ಹೀಗೆಯೇ ಹಿಡಿದಿಡುತ್ತದೆ. ಜೇಮ್ಸ್ ಸಿಕ್ಸ್ ಎಂಬ ಇಂಗ್ಲೆಂಡಿನವನು 1780ರಲ್ಲಿ ರೂಪಿಸಿದ ಸಾಧನ ಇದು. ಬ್ಯಾಟರಿ ಬೇಡ, ಸಿಗ್ನಲ್ ಬೇಡ, ನಡುರಾತ್ರಿ ಎದ್ದು ನೋಡುವ ಕೆಲಸವೂ ಇಲ್ಲ.

ಓದುವಾಗ ಎರಡು ಸಂಗತಿ ನೆನಪಿರಲಿ. ಎಡಬದಿಯ ಅಂಕಿಗಳು ತಲೆಕೆಳಗಾಗಿರುತ್ತವೆ, ಅಂದರೆ ಮೇಲೆ ಹೋದಷ್ಟೂ ಉಷ್ಣತೆ ಕಡಿಮೆ. ಕಡ್ಡಿಯ ಮೇಲ್ತುದಿಯನ್ನಲ್ಲ, ಪಾದರಸದ ಕಡೆಗಿರುವ ಕೆಳತುದಿಯನ್ನು ಓದಬೇಕು. ಓದಿ ಬರೆದುಕೊಂಡ ಮೇಲೆ ನಡುವಿನ ಗುಂಡಿ ಒತ್ತಿದರೆ ಕಡ್ಡಿಗಳು ಮತ್ತೆ ಪಾದರಸದ ಮೇಲೆ ಬಂದು ಕೂರುತ್ತವೆ. ಕೆಲವು ಮಾದರಿಗಳಲ್ಲಿ ಗುಂಡಿಯ ಬದಲು ಚಿಕ್ಕ ಅಯಸ್ಕಾಂತ ಇರುತ್ತದೆ. ಅದು ಹೊಲದ ಕೆಲಸಕ್ಕೆ ಬಾರದು, ಒಂದು ದಿನ ಎರೆ ಮಣ್ಣಿನ ಬಿರುಕಿಗೆ ಬಿತ್ತೆಂದರೆ ಮುಗಿಯಿತು. ಗುಂಡಿಯದನ್ನೇ ಕೇಳಿ ತೆಗೆದುಕೊಳ್ಳಿ.

ತೂಗುಹಾಕುವ ಜಾಗ ಸರಿಯಿಲ್ಲದಿದ್ದರೆ ಈ ಸಾಧನ ಸುಳ್ಳು ಹೇಳುತ್ತದೆ. ತಗಡಿನ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಹಾಕುವುದನ್ನು ಬಹಳ ಕಡೆ ನೋಡಿದ್ದೇನೆ. ಆಗ ಅದು ತೋರಿಸುವುದು ತಗಡಿನ ಬಿಸಿಯನ್ನು, ಗಾಳಿಯ ಬಿಸಿಯನ್ನಲ್ಲ. ನಾವು ಹಣ್ಣಿನ ಹಳೆಯ ಕಟ್ಟಿಗೆ ಪೆಟ್ಟಿಗೆಯನ್ನು ಸಂದುಗಳು ಹಾಗೆಯೇ ಇರುವಂತೆ ಬಿಟ್ಟು, ಸುಣ್ಣ ಬಳಿದು, ಹೊಲದಲ್ಲಿ ನಾಲ್ಕು ಅಡಿಗಿಂತ ತುಸು ಎತ್ತರದ ಕಂಬಕ್ಕೆ ಕಟ್ಟಿದ್ದೇವೆ. ತೆರೆದ ಬಾಯಿ ಉತ್ತರಕ್ಕಿದೆ. ನೆರಳಿರಬೇಕು, ಗಾಳಿ ಆಡುತ್ತಿರಬೇಕು, ಬಿಸಿಲು ನೇರವಾಗಿ ತಾಗಬಾರದು.

ಹೊಲದಲ್ಲಿಯೇ ಏಕೆ, ಮನೆಯಲ್ಲಿ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮೋಡವಿಲ್ಲದ ರಾತ್ರಿ ಊರಿಗಿಂತ ಬಯಲು ಹೊಲ ಬೇಗ ತಣಿಯುತ್ತದೆ, ಏಕೆಂದರೆ ಊರಿನ ಗೋಡೆಗಳು ಹಗಲಿನ ಬಿಸಿಯನ್ನು ಇಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ನಮ್ಮ ಮನೆಯ ಪಡಸಾಲೆಗೂ ಹೊಲಕ್ಕೂ ಎರಡು ಮೂರು ಡಿಗ್ರಿ ಅಂತರ ಕಂಡಿದ್ದೇನೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಇಲ್ಲಿಯವರೆಗೆ ಮೋಡ ಕವಿದಾಗ ಮಾತ್ರ ಆ ಅಂತರ ಕಡಿಮೆಯಾಗುತ್ತದೆ. ಚಳಿ ಬಾರದ ವರ್ಷವೆಂದರೆ ಬಹುಪಾಲು ಇಂಥ ಮೋಡದ ರಾತ್ರಿಗಳು ಹೆಚ್ಚಿದ ವರ್ಷ. ನೆಲದ ಬಿಸಿ ಮೇಲೆ ಹೋಗಲು ಮೋಡ ಬಿಡುವುದಿಲ್ಲ.

ಇನ್ನು ಬಿತ್ತನೆಯ ಮಾತು. ಗೋಧಿ ಚೆನ್ನಾಗಿ ಹುಟ್ಟಿ ತೆಂಡೆ (ಬುಡದಿಂದ ಮೂಡುವ ಪಕ್ಕದ ಕವಲು) ಒಡೆಯಲು ದಿನದ ಸರಾಸರಿ ಉಷ್ಣತೆ 20ರಿಂದ 25 ಡಿಗ್ರಿ ಒಳಗಿರಬೇಕು. ಲೆಕ್ಕ ಸುಲಭ: ಗರಿಷ್ಠ ಮತ್ತು ಕನಿಷ್ಠ ಎರಡನ್ನೂ ಕೂಡಿಸಿ ಅರ್ಧ ಮಾಡಿ. ಹಗಲು 29, ರಾತ್ರಿ 17 ಇದ್ದರೆ ಸರಾಸರಿ 23, ಕೂರಿಗೆ ಹೂಡಬಹುದು. ಒಂದು ವರ್ಷ ನವೆಂಬರ್ ಮೊದಲ ವಾರದಲ್ಲಿ ನಮ್ಮ ಪೆಟ್ಟಿಗೆಯಲ್ಲಿ ಹಗಲು 31, ರಾತ್ರಿ 21 ನಿಂತುಬಿಟ್ಟಿತು. ಸರಾಸರಿ 26. ಹೆಸರುಕಾಳಿನ ಬೆಳೆ ಕಿತ್ತ ಹೊಲ ಹದವಾಗಿ ಕಾದಿತ್ತು, ಕಾಲುವೆಗೆ ನೀರೂ ಬಂದಿತ್ತು.

"ವೈನಿ, ಇನ್ನೂ ಹದಿನೈದು ದಿನ ತಡೆಯೋಣ. ಚಳಿ ಬಿದ್ದ ಮೇಲೆ ಬಿತ್ತಿದರಾಯಿತು" ಎಂದ ಮೈದುನ. ಊರಿನಲ್ಲಿ ಹೆಚ್ಚಿನವರ ಮಾತೂ ಅದೇ ಆಗಿತ್ತು. ನಾನು ಒಪ್ಪಲಿಲ್ಲ. ಗೋಧಿಗೆ ಆರಂಭದ ಬಿಸಿಯಿಂದ ಆಗುವ ನಷ್ಟ ಒಂದು ಬಗೆಯದು, ಕೊನೆಯ ಬಿಸಿಯಿಂದ ಆಗುವ ನಷ್ಟ ಇನ್ನೊಂದು ಬಗೆಯದು. ಆರಂಭದಲ್ಲಿ ಬಿಸಿ ಇದ್ದರೆ ತೆಂಡೆ ಕಡಿಮೆಯಾಗುತ್ತವೆ, ತೆನೆ ಬೇಗ ಹೊರಡುತ್ತದೆ. ಬೀಜದ ಪ್ರಮಾಣವನ್ನು ಕಾಲು ಪಾಲು ಹೆಚ್ಚಿಸಿ ಅದನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳಬಹುದು. ಕಾಳಿನಲ್ಲಿ ಹಾಲು ತುಂಬುವ ಕಾಲಕ್ಕೆ ಬಿಸಿ ಹೊಡೆದರೆ ತುಂಬಿಕೊಳ್ಳುವ ದಾರಿಯೇ ಇಲ್ಲ, ಕಾಳು ಸುಕ್ಕುಗಟ್ಟುತ್ತದೆ. ನವೆಂಬರ್ ಕೊನೆಗೆ ಬಿತ್ತಿದರೆ ಕಾಳು ಕಟ್ಟುವುದು ಫೆಬ್ರವರಿ ಮಧ್ಯದ ನಂತರ. ನಮ್ಮ ಸೀಮೆಯಲ್ಲಿ ಆಗ ಹಗಲು 33 ದಾಟಿರುತ್ತದೆ.

ಇದು ನಮ್ಮೂರಿನ ಸಂಕಟ ಮಾತ್ರವಲ್ಲ. 2022ರ ಮಾರ್ಚ್‌ನಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣತೆ 1901ರಿಂದ ಆವರೆಗಿನ ಮಾರ್ಚ್‌ಗಳಲ್ಲೇ ಅತಿ ಹೆಚ್ಚು ಇತ್ತು. ಪಂಜಾಬ್, ಹರಿಯಾಣಗಳಲ್ಲಿ ಗೋಧಿ ಕಾಳು ಸುಕ್ಕುಗಟ್ಟಿ ಇಳುವರಿ ಕುಸಿಯಿತು. ಮೇ 13ರಂದು ಕೇಂದ್ರ ಸರ್ಕಾರ ಗೋಧಿ ರಫ್ತನ್ನು ನಿಷೇಧಿಸಿತು. ಅವರಿಗೆ ಕೈಕೊಟ್ಟಿದ್ದು ಬಿತ್ತನೆಯ ಕಾಲದ ಚಳಿಯಲ್ಲ, ಕೊನೆಯ ಕೆಲವು ವಾರಗಳು.

ಆದ್ದರಿಂದ ನನ್ನ ತೀರ್ಮಾನ ಇದು: ಚಳಿಗಾಗಿ ನವೆಂಬರ್ 15 ದಾಟಿ ಕಾಯಬಾರದು. ಅಲ್ಲಿಯವರೆಗೆ ಥರ್ಮಾಮೀಟರ್ ನೋಡಿ ಕೆಲವು ದಿನ ಆಚೀಚೆ ಮಾಡಬಹುದು. ಆ ಗಡುವಿನ ನಂತರ ಗೋಧಿಯನ್ನು ಬಿಟ್ಟು ಬೇರೆ ಬೆಳೆ ನೋಡಬೇಕು. ಆ ವರ್ಷ ಕಾಲುವೆ ಹೊಲದ ಅರ್ಧಕ್ಕೆ ತಕ್ಷಣ ಕಡಲೆ ಹಾಕಿಸಿದೆ. ಉಳಿದ ಅರ್ಧಕ್ಕೆ ರಾತ್ರಿಯ ಉಷ್ಣತೆ 19ಕ್ಕೆ ಇಳಿದ ದಿನ, ಗಡುವಿಗೆ ಮೊದಲೇ, ಗೋಧಿ ಬಿತ್ತಿಸಿದೆ. ತಳಿಯನ್ನೂ ಬದಲಿಸಿದೆ. ಪ್ರತಿ ವರ್ಷ ಹಾಕುತ್ತಿದ್ದ ಡಿಡಬ್ಲ್ಯೂಆರ್ 162 ಬಿಟ್ಟು ಜವೆ ಗೋಧಿಯ ಡಿಡಿಕೆ 1029 ತಂದೆ. ಜವೆ ಗೋಧಿ ಬಿಸಿಯನ್ನು ಹೆಚ್ಚು ತಾಳುತ್ತದೆ, ತುಕ್ಕು ರೋಗಕ್ಕೂ ಬೇಗ ಬಗ್ಗುವುದಿಲ್ಲ. ಹುಗ್ಗಿಗೆ ಇದಕ್ಕಿಂತ ರುಚಿಯಾದ ಗೋಧಿಯನ್ನು ನಾನು ಉಂಡಿಲ್ಲ. ತೆಂಡೆ ಕಡಿಮೆ ಬಂದವು, ಚೀಲಗಳ ಲೆಕ್ಕದಲ್ಲಿ ಚಳಿ ವರ್ಷದ ಹತ್ತಿರಕ್ಕೂ ಬರಲಿಲ್ಲ. ಕಾಳು ಮಾತ್ರ ದುಂಡಗೆ ತುಂಬಿತ್ತು. ಡಿಸೆಂಬರ್‌ನಲ್ಲಿ ಬಿತ್ತಿದ ಪಕ್ಕದ ಹೊಲದ ಕಾಳನ್ನು ಅಂಗೈಯಲ್ಲಿಟ್ಟು ನೋಡಿದೆ, ಹೊಟ್ಟೆ ಬೆನ್ನಿಗೆ ಅಂಟಿತ್ತು. ಅವರ ದುಡಿಮೆ ನಮಗಿಂತ ಒಂದು ಗುಲಗಂಜಿ ತೂಕವೂ ಕಡಿಮೆ ಇರಲಿಲ್ಲ. ನೋಡಿ ಹೊಟ್ಟೆ ಉರಿಯಿತು.

ಬಿತ್ತನೆಯ ನಂತರವೂ ಪೆಟ್ಟಿಗೆಗೆ ಕೆಲಸವಿದೆ. ಮೊದಲ ನೀರನ್ನು ಮುಕುಟ ಬೇರು (ಕಾಂಡದ ಬುಡದಿಂದ ಹೊರಡುವ ಬೇರು) ಮೂಡುವ ಹಂತಕ್ಕೆ, ಅಂದರೆ 21ನೇ ದಿನದ ಸುಮಾರಿಗೆ ಕೊಡಬೇಕೆಂಬುದು ಎಲ್ಲರಿಗೂ ಗೊತ್ತು. ರಾತ್ರಿಗಳು ಬಿಸಿಯಾಗಿದ್ದರೆ ಬೆಳೆ ಓಡುತ್ತದೆ, ಆ ಹಂತ ಕೆಲವು ದಿನ ಮೊದಲೇ ಬರುತ್ತದೆ. ಕನಿಷ್ಠ ಉಷ್ಣತೆ 18ಕ್ಕಿಂತ ಕೆಳಗಿಳಿಯದ ವರ್ಷ ನಾನು ಮೂರನೇ ವಾರ ತುಂಬುವವರೆಗೆ ಕಾಯದೆ ಒಂದೆರಡು ಗಿಡ ಕಿತ್ತು ಬೇರು ನೋಡುತ್ತೇನೆ. ಕಾಳು ಕಟ್ಟುವಾಗ ಗರಿಷ್ಠ 32 ಮುಟ್ಟಿದರೆ ಸಂಜೆ ಗಾಳಿ ನಿಂತ ಮೇಲೆ ತೆಳುವಾಗಿ ಒಂದು ನೀರು ಕೊಡಿಸುತ್ತೇನೆ. ಗಾಳಿಯಿರುವಾಗ ಕೊಟ್ಟರೆ ತೆನೆ ಭಾರಕ್ಕೆ ಬೆಳೆ ಮಲಗುತ್ತದೆ.

ಮೊಬೈಲಿನಲ್ಲಿ ಎಲ್ಲ ಬರುತ್ತದಲ್ಲ, ಗಾಜಿನ ಕೊಳವೆ ಯಾಕೆ ಎನ್ನಬಹುದು. ಎರಡೂ ಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಹವಾಮಾನ ಘಟಕ ಮಂಗಳವಾರ ಮತ್ತು ಶುಕ್ರವಾರ ಕೊಡುವ ಸಲಹೆಗಳನ್ನು ನಾನು ತಪ್ಪದೆ ಓದುತ್ತೇನೆ. 2019ರಲ್ಲಿ ಬಂದ ಮೇಘದೂತ್ ಆ್ಯಪ್‌ನಲ್ಲಿ ಅವು ಕನ್ನಡದಲ್ಲೇ ಸಿಗುತ್ತವೆ. ಮುಂದಿನ ಐದು ದಿನಗಳ ಮಳೆ, ಮೋಡ, ಗಾಳಿ ತಿಳಿಯಲು ಅದನ್ನೇ ನಂಬಿದ್ದೇನೆ. ಇಡೀ ಚಳಿಗಾಲ ಹೇಗಿರುತ್ತದೆ ಎಂಬ ಹವಾಮಾನ ಇಲಾಖೆಯ ಮುನ್ನೋಟ ಬರುವುದು ನವೆಂಬರ್ ಕೊನೆಯ ಹೊತ್ತಿಗೆ, ಅಷ್ಟರಲ್ಲಿ ನಮ್ಮ ಬಿತ್ತನೆ ಮುಗಿದಿರುತ್ತದೆ. ಅಕ್ಟೋಬರ್ ಕೊನೆಗೆ ಬರುವ ನವೆಂಬರ್ ತಿಂಗಳ ಮುನ್ನೋಟವನ್ನು ಹುಡುಕಿ ಓದಿ. ಮುಂದಿನದನ್ನು ಅವರು ಹೇಳುತ್ತಾರೆ, ನಮ್ಮ ಬದುವಿನೊಳಗೆ ನಿನ್ನೆ ರಾತ್ರಿ ಏನಾಯಿತು ಎಂಬುದನ್ನು ಪೆಟ್ಟಿಗೆ ಹೇಳುತ್ತದೆ. ಎರಡನ್ನೂ ಒಂದೇ ನೋಟ್‌ಪುಸ್ತಕದಲ್ಲಿ ಬರೆಯುತ್ತೇನೆ. ವರ್ಷದಿಂದ ವರ್ಷಕ್ಕೆ ಹೋಲಿಸಲು ಆ ಪುಸ್ತಕದಷ್ಟು ಉಪಕಾರಿ ಬೇರೆ ಇಲ್ಲ.

ದೂರು ಒಂದಿದೆ. ಬಸ್ಸಿನ ಕುಲುಕಾಟಕ್ಕೆ ಪಾದರಸದ ಎಳೆ ನಡುವೆ ತುಂಡಾಗಿ ಎರಡು ಬದಿಗಳು ಬೇರೆ ಬೇರೆ ಉಷ್ಣತೆ ತೋರಿಸತೊಡಗಿದವು. ಅಂಗಡಿಯವರು ಬದಲಿಸಿಕೊಡಲು ಒಪ್ಪಲಿಲ್ಲ, ಅದು ಸರಿಯಲ್ಲ. ಹಲಗೆಯನ್ನು ನೆಟ್ಟಗೆ ಹಿಡಿದು ಮೆಲ್ಲಗೆ ತಟ್ಟುತ್ತ ಹೋದ ಮೇಲೆ ಎಳೆ ಕೂಡಿಕೊಂಡಿತು. ಕೊಳ್ಳುವಾಗ ಎರಡೂ ಬದಿಯ ಪಾದರಸ ಒಂದೇ ಅಂಕಿ ತೋರಿಸುತ್ತಿದೆಯೇ ನೋಡಿ. ತರುವಾಗ ಮಲಗಿಸದೆ ನೆಟ್ಟಗೆ ಹಿಡಿದು ತನ್ನಿ. ಒಡೆದರೆ ಪಾದರಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳು ಆಡಲು ಬಿಡಲೇಬೇಡಿ. ಚಿಕ್ಕ ಮಕ್ಕಳಿರುವ ಮನೆಯವರು ಪಾದರಸವಿಲ್ಲದ ಮಾದರಿಯನ್ನು ಕೇಳಿ ಕೊಳ್ಳುವುದು ಒಳ್ಳೆಯದು. ಈ ಒಂದು ಕಾರಣಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಜೋಳದವರಿಗೆ ಬೇಕಿಲ್ಲ ಎಂದೆ. ನಮ್ಮ ಮೇಲಿನ ಹೊಲಕ್ಕೆ ಕಾಲುವೆ ನೀರು ಹತ್ತುವುದಿಲ್ಲ, ಅಲ್ಲಿ ಎಂ 35-1, ಅಂದರೆ ಎಲ್ಲರೂ ಮಾಲದಂಡಿ ಎನ್ನುವ ಜೋಳವನ್ನೇ ಹಾಕುತ್ತೇವೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ತಳಿ ಇಂದಿಗೂ ನಮ್ಮ ರೊಟ್ಟಿಯ ಆಧಾರ. ಅದರ ಬಿತ್ತನೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ, ಉತ್ತರಿ, ಹಸ್ತ ಮಳೆಗಳ ಹಸಿಯ ಮೇಲೆ ಮುಗಿಯಬೇಕು. ಚಳಿಯ ಸುಳಿವು ಸಿಗುವ ಮೊದಲೇ ಅದು ಮೊಳಕೆಯೊಡೆದು ನಿಂತಿರುತ್ತದೆ. ಚಳಿ ನೋಡಿ ಬಿತ್ತುತ್ತೇನೆಂದು ತಡಮಾಡಿದರೆ ಸುಳಿ ನೊಣ ಬಂದು ಎಳೆಯ ಗಿಡದ ಸುಳಿ ಒಣಗಿಸುತ್ತದೆ. ಜೋಳದ ಹೊಲಕ್ಕೆ ಬೇಕಾದದ್ದು ನೆಲದಲ್ಲಿ ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂಬ ಲೆಕ್ಕ. ಅದೇ ಹಣಕ್ಕೆ ಒಂದು ಸಾದಾ ಮಳೆಮಾಪಕ ಕೊಳ್ಳಿ, ಜೊತೆಗೆ ಮೂರು ಅಡಿಯ ಕಬ್ಬಿಣದ ಸರಳಿಗೆ ತುದಿ ಮಾಡಿಸಿಕೊಂಡು ಮಳೆ ನಿಂತ ಮರುದಿನ ಹೊಲದ ನಾಲ್ಕೈದು ಕಡೆ ಚುಚ್ಚಿ ನೋಡಿ.